ಕಡಲಾಚೆಯ ವಾಸವೂ ತಲೆಯ ಸುಂಕವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಸಾಹಿತ್ಯವನ್ನು ಬಲ್ಲವರನ್ನೋ ಯಕ್ಷಗಾನದ ಅರ್ಥಧಾರಿಗಳನ್ನೋ ಕರೆಯುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ಲೆಕ್ಕ ಬರೆದು ಹೊಟ್ಟೆ ಹೊರೆದ ನನ್ನಂಥ ಗುಮಾಸ್ತನನ್ನು ಕರೆದಿದ್ದಾರೆ. ಪರದೇಶದಲ್ಲಿ ಬಹುಕಾಲ ವಾಸ ಮಾಡುವವರ ಮೇಲೆ ಬೀಳುವ ಸುಂಕ ತೆರಿಗೆಗಳನ್ನು ಕುರಿತು ಮಾತನಾಡಬೇಕೆಂದು ಅವರು ಹೇಳಿದಾಗ, "ಇದು ಕನ್ನಡ ಸಂಘದಲ್ಲಿ ಆಡುವ ಮಾತೇ?" ಎಂದು ನಾನು ಕೇಳಿದೆ. ಅದಕ್ಕೆ ಅವರು, "ನಮ್ಮ ಸದಸ್ಯರ ಪಟ್ಟಿಯನ್ನೊಮ್ಮೆ ನೋಡಿ. ಕಡಲಾಚೆಯಲ್ಲಿ ಒಬ್ಬನಾದರೂ ಇಲ್ಲದ ಮನೆ ಎಷ್ಟಿದೆ ಎಂದು ಎಣಿಸಿ ಹೇಳಿ" ಎಂದರು. ಪಟ್ಟಿಯನ್ನು ನೋಡಿದ ಮೇಲೆ ನಾನು ಮರುಮಾತಾಡದೆ ಒಪ್ಪಿಕೊಂಡೆ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಈ ನಾಡಿನಲ್ಲಿ ಕೊಲ್ಲಿಯ ಹಣ ಕಾಣದ ಊರಿಲ್ಲ. ಹೆಂಚಿನ ಮಾಡು ಹೋಗಿ ತಾರಸಿ ಬಂದದ್ದು, ತಂಗಿಯ ಮದುವೆ ಆದದ್ದು, ಬ್ಯಾಂಕಿನಿಂದ ಅಡಕೆ ತೋಟದ ಅಡವು ಬಿಡಿಸಿದ್ದು, ಇವೆಲ್ಲ ಎಷ್ಟೋ ಮನೆಗಳಲ್ಲಿ ಆ ಹಣದಿಂದಲೇ. ಆದರೆ ಸಂಬಳ ಎಷ್ಟು ಎಂದು ಕೇಳುವವರು ನೂರು ಮಂದಿ. ಆ ಸಂಬಳದಲ್ಲಿ ಅಲ್ಲಿ ಇರುವುದಕ್ಕಾಗಿಯೇ ತೆರಬೇಕಾದುದು ಎಷ್ಟು ಎಂದು ಕೇಳುವವರು ಕಡಮೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬಲ್ಲ ನಾವೇ ಆ ಬೆಟ್ಟವನ್ನು ಹತ್ತುವ ಮುನ್ನ ದಾರಿಯ ಖರ್ಚನ್ನು ಕೇಳುವುದಿಲ್ಲ. ನಾನು 1999ರಿಂದ 2023ರವರೆಗೆ, ಇಪ್ಪತ್ತನಾಲ್ಕು ವರ್ಷ, ಸೌದಿ ಅರೇಬಿಯದ ಪೂರ್ವ ಪ್ರಾಂತದ ದಮ್ಮಾಮ್ ನಗರದಲ್ಲಿದ್ದೆ. ಅಲ್ಲಿ ಕಲಿತ ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಕಾಗದಗಳ ಮಾತು. ಪರದೇಶದಲ್ಲಿ ನೆಲೆಸುವವನ ಕೈಯಲ್ಲಿ ಮುಖ್ಯವಾಗಿ ನಾಲ್ಕು ಕಾಗದಗಳಿರುತ್ತವೆ. ನಮ್ಮಲ್ಲಿ ಅನೇಕರು ನಾಲ್ಕನ್ನೂ ಒಟ್ಟಾಗಿ 'ವೀಸಾ' ಎಂದುಬಿಡುತ್ತಾರೆ. ಹಲವು ತೊಂದರೆಗಳಿಗೆ ಈ ಗೊಂದಲವೇ ಮೂಲ.

ಒಂದನೆಯದು ಪಾಸ್‌ಪೋರ್ಟು. ಅದನ್ನು ಕೊಡುವುದು ನಮ್ಮ ಸರಕಾರ. ಅದು ಭಾರತ ಸರಕಾರದ ಸೊತ್ತು. ಹಿಂದೆ ಅದನ್ನು ಕೊಡುವುದೂ ಬಿಡುವುದೂ ಸರಕಾರದ ಮರ್ಜಿಗೆ ಸೇರಿದ್ದಾಗಿತ್ತು. 1967ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಪರದೇಶಕ್ಕೆ ಹೋಗುವುದು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಒಂದು ಅಂಗವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟು ಕಾನೂನು ಬಂದಿತು. ಎಂದರೆ ಮನೆಯಿಂದ ಹೊರಡುವುದು ನಮ್ಮ ಹಕ್ಕು.

ಎರಡನೆಯದು ವೀಸಾ. ಅದನ್ನು ಕೊಡುವುದು ಹೋಗುವ ದೇಶ. ಅದು ಹಕ್ಕಲ್ಲ, ಅವರು ಕೊಡುವ ಅಪ್ಪಣೆ. ಮೂರನೆಯದು ವಾಸದ ಪರವಾನಗಿ; ಸೌದಿಯಲ್ಲಿ ಅದನ್ನು ಇಕಾಮಾ ಎನ್ನುತ್ತಾರೆ. ವೀಸಾ ಹೊಸ್ತಿಲನ್ನು ದಾಟಿಸುತ್ತದೆ, ಇಕಾಮಾ ಒಳಗೆ ಕುಳ್ಳಿರಿಸುತ್ತದೆ. ನಾಲ್ಕನೆಯದು ಹೊರಗೆ ಹೋಗಿ ಮರಳಿ ಬರುವ ಅನುಮತಿ. ಊರಿಗೆ ಬರಬೇಕಾದರೂ ಅಲ್ಲಿ ಒಂದು ಚೀಟಿ ಬೇಕು. ಒಂದು ಸಲದ ಪ್ರಯಾಣಕ್ಕೆ, ಎರಡು ತಿಂಗಳ ಅವಧಿಗೆ, ನಾನು ತೆತ್ತುದು 200 ರಿಯಾಲು. ಮೇಲಣ ಒಂದೊಂದು ತಿಂಗಳಿಗೆ ಮತ್ತೆ ನೂರು ನೂರು. ತಂದೆ ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಬಂದಾಗ ವಿಮಾನದ ಟಿಕೆಟಿಗಿಂತ ಮೊದಲು ನಾವು ಹುಡುಕುತ್ತಿದ್ದುದು ಈ ಚೀಟಿಯನ್ನು.

ಹಳೆಯ ಪದ್ಧತಿಯಲ್ಲಿ ಈ ಚೀಟಿಗಳೆಲ್ಲ ಒಬ್ಬನೇ ಯಜಮಾನನ ಕೈಯಲ್ಲಿರುತ್ತಿದ್ದವು. ಅವನನ್ನು ಕಫೀಲ ಎನ್ನುತ್ತಾರೆ, ಎಂದರೆ ಜಾಮೀನುದಾರ. ಕೆಲಸ ಬಿಟ್ಟರೆ ವಾಸವೂ ಹೋಯಿತು. ಯಜಮಾನನು ಒಪ್ಪದಿದ್ದರೆ ಊರಿಗೆ ಬರುವುದೂ ಇಲ್ಲ. ಈಚೆಗೆ ಈ ಕಟ್ಟು ಸಡಿಲವಾಗಿದೆ ಎಂಬುದನ್ನು ಸಂತೋಷದಿಂದ ಹೇಳಬೇಕು. ಕತಾರ್ ದೇಶವು 2020ರಲ್ಲಿ, ಯಜಮಾನನ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸೌದಿ ಅರೇಬಿಯವು 2021ರ ಮಾರ್ಚಿಯಿಂದ, ಖಾಸಗಿ ಸಂಸ್ಥೆಗಳ ನೌಕರರು ಕೆಲವು ನಿಯಮಗಳಿಗೊಳಪಟ್ಟು ತಾವೇ ಊರಿಗೆ ಹೋಗುವ ಅನುಮತಿಯನ್ನು ಪಡೆಯಬಹುದೆಂದು ಮಾಡಿತು. ಆದರೆ ಮನೆಗೆಲಸದವರು, ವಾಹನ ನಡೆಸುವ ಮನೆಯಾಳುಗಳು ಆ ಸುಧಾರಣೆಯ ಹೊರಗುಳಿದರು. ನಮ್ಮ ಊರುಗಳಿಂದ ಹೋದ ಎಷ್ಟೋ ಮಂದಿ ಆ ವರ್ಗಕ್ಕೇ ಸೇರಿದವರು.

ಇನ್ನು ಸುಂಕದ ವಿಷಯ. ಕೊಲ್ಲಿಯ ನಾಡುಗಳಲ್ಲಿ ತೆರಿಗೆಯೇ ಇಲ್ಲ ಎಂಬ ಮಾತನ್ನು ತಾವೆಲ್ಲರೂ ಕೇಳಿದ್ದೀರಿ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಒಮಾನ್ ಮಾತ್ರ 2025ರಲ್ಲಿ ರಾಜಾಜ್ಞೆ ಹೊರಡಿಸಿ, 2028ರಿಂದ ವರ್ಷಕ್ಕೆ 42,000 ರಿಯಾಲಿಗೆ ಮೇಲ್ಪಟ್ಟ ಆದಾಯದ ಮೇಲೆ ನೂರಕ್ಕೆ 5ರಂತೆ ತೆರಿಗೆ ವಿಧಿಸುವುದೆಂದು ಸಾರಿತು. ಅದು ನಮ್ಮವರಲ್ಲಿ ಬಹುಮಂದಿಗೆ ತಟ್ಟುವಂಥದಲ್ಲ. ಆದರೆ ಆದಾಯ ತೆರಿಗೆ ಇಲ್ಲವೆಂದ ಮಾತ್ರಕ್ಕೆ ಸುಂಕವಿಲ್ಲವೆಂದು ತಿಳಿಯಬಾರದು. 2018ರ ಜನವರಿ 1ರಿಂದ ಸೌದಿಯಲ್ಲಿ ಕೊಳ್ಳುವ ಸಾಮಾನುಗಳ ಮೇಲೆ ನೂರಕ್ಕೆ 5ರ ತೆರಿಗೆ ಬಂದಿತು. 2020ರ ಜುಲೈಯಲ್ಲಿ ಅದು ನೂರಕ್ಕೆ 15 ಆಯಿತು. ಇದು ಅಲ್ಲಿಯ ಪ್ರಜೆಗೂ ನಮಗೂ ಒಂದೇ. ಪರದೇಶಿಯನ್ನು ಪರದೇಶಿಯೆಂದೇ ಹಿಡಿದ ಸುಂಕ ಬೇರೊಂದಿತ್ತು.

2014ರ ತರುವಾಯ ಎಣ್ಣೆಯ ಬೆಲೆ ಕುಸಿದು ಅಲ್ಲಿಯ ಬೊಕ್ಕಸ ಬಡವಾಯಿತು. ತಮ್ಮ ಪ್ರಜೆಗಳಿಗೆ ಉದ್ಯೋಗ ದೊರಕಬೇಕೆಂಬ ಉದ್ದೇಶವೂ ಆ ಸರಕಾರಕ್ಕಿತ್ತು. ಆಗ, 2017ರ ಜುಲೈಯಿಂದ, ಪರದೇಶದ ನೌಕರನು ತನ್ನೊಡನೆ ಇಟ್ಟುಕೊಂಡ ಹೆಂಡತಿ ಮಕ್ಕಳಲ್ಲಿ ಒಂದೊಂದು ತಲೆಗೆ ತಿಂಗಳಿಗೆ 100 ರಿಯಾಲು ಕೊಡಬೇಕೆಂಬ ನಿಯಮ ಬಂದಿತು. ಮರುವರ್ಷ ಅದು 200, 2019ರಲ್ಲಿ 300, 2020ರಲ್ಲಿ 400. ಹೀಗೆ ಏರುವುದೆಂದು ಮೊದಲೇ ಸಾರಿದ್ದರು. ಇಕಾಮಾವನ್ನು ನವೀಕರಿಸುವಾಗ ಇಡೀ ವರ್ಷದ ಹಣವನ್ನು ಮುಂಗಡವಾಗಿ ಕಟ್ಟಬೇಕಾಗಿತ್ತು. ಹಾಲು ಕುಡಿಯುವ ಕೂಸಿಗೂ ಅದೇ ದರ.

ಆಗ ನನ್ನ ಸಂಬಳ ತಿಂಗಳಿಗೆ 4,500 ರಿಯಾಲು, ವರ್ಷಕ್ಕೆ 54,000. ನನ್ನೊಡನೆ ಇದ್ದವರು ನನ್ನ ಮನೆಯಾಕೆ, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಮೂರು ವರ್ಷದ ಕಿರಿಯವನು: ಒಟ್ಟು ನಾಲ್ಕು ತಲೆ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ, ಮಗಳ ಹಳೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನಾನು ಲೆಕ್ಕ ಬರೆದೆ. ಮನೆಯ ಬಾಡಿಗೆ 18,000. ಇಬ್ಬರ ಶಾಲೆಯ ಶುಲ್ಕ, ವಾಹನದ ಹಣ 9,000. ಊಟ, ಬಟ್ಟೆ, ಔಷಧ ಇತ್ಯಾದಿ 15,000. ಇಷ್ಟು ಕಳೆದರೆ ಉಳಿಯುವುದು 12,000 ರಿಯಾಲು. ಊರಿಗೆ ಕಳುಹಿಸುವುದು, ಸಾಲ ತೀರಿಸುವುದು, ಮುಂದಕ್ಕೆಂದು ಇಡುವುದು ಎಲ್ಲವೂ ಅದರಲ್ಲಿಯೇ ಆಗಬೇಕು.

ಅದರ ಕೆಳಗೆ ಹೊಸ ಸುಂಕವನ್ನು ಬರೆದೆ. ಮೊದಲ ವರ್ಷ ನಾಲ್ಕು ತಲೆಗೆ 4,800, ಉಳಿಕೆ 7,200. ಎರಡನೆಯ ವರ್ಷ 9,600; ಉಳಿಕೆ 2,400. ಮೂರನೆಯ ವರ್ಷ 14,400. ಉಳಿಕೆಯಿಲ್ಲ, 2,400 ಸಾಲ. ನಾಲ್ಕನೆಯ ವರ್ಷ 19,200, ಸಾಲ 7,200. ನಾಲ್ಕನೆಯ ವರ್ಷದ ಸುಂಕವೊಂದೇ ನನ್ನ ನಾಲ್ಕು ತಿಂಗಳ ಸಂಬಳವನ್ನು ಮೀರುತ್ತಿತ್ತು.

ಮನೆಯಾಕೆ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಇನ್ನು ಎರಡು ವರ್ಷ ಕಳೆದರೆ ನೀವು ದುಡಿದದ್ದೆಲ್ಲ ನಮ್ಮನ್ನು ಇಲ್ಲಿ ಇರಿಸಿಕೊಳ್ಳುವುದಕ್ಕೇ ಸಾಲದು. ಊರಿನಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಮಕ್ಕಳನ್ನು ಕರೆದುಕೊಂಡು ನಾನು ಹೋಗುತ್ತೇನೆ" ಎಂದಳು. ಅಳಲಿಲ್ಲ, ಜಗಳವಾಡಲಿಲ್ಲ. ಲೆಕ್ಕ ಸರಿಯಾಗಿತ್ತು, ಜಗಳಕ್ಕೆ ಎಡೆಯಿರಲಿಲ್ಲ. 2018ರ ಜೂನಿಗೆ ಮೊದಲೇ ಅವರು ಊರು ಸೇರಿದರು. ಆ ಬೇಸಗೆಯಲ್ಲಿ ನಮ್ಮ ಕಟ್ಟಡದಲ್ಲಿಯೇ ಐದು ಸಂಸಾರಗಳು ಸಾಮಾನು ಕಟ್ಟಿದವು. ಮಕ್ಕಳ ಸೈಕಲುಗಳನ್ನು ಕೊಳ್ಳುವವರಿಲ್ಲದೆ ಮೆಟ್ಟಿಲ ಕೆಳಗೆ ಬಿಟ್ಟುಹೋದರು.

ಆ ಮುಂದಿನ ಐದು ವರ್ಷ ನಾನು ಆರು ಮಂದಿಯ ಕೋಣೆಯೊಂದರಲ್ಲಿ ಉಳಿದೆ. ಹಣವೇನೋ ಮೊದಲಿಗಿಂತ ಹೆಚ್ಚಾಗಿಯೇ ಉಳಿಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಮೊದಲ ರಜೆಯಲ್ಲಿ ಊರಿಗೆ ಬಂದಾಗ ಕಿರಿಯವನು ನನ್ನನ್ನು ಕಂಡು ಅಜ್ಜಿಯ ಹಿಂದೆ ಅಡಗಿದ. ಫೋನಿನಲ್ಲಿ ಕಾಣುವ ಅಪ್ಪನನ್ನು ಅವನು ಬಲ್ಲ. ಅಂಗಳದಲ್ಲಿ ನಿಂತ ಅಪ್ಪನನ್ನು ಅರಿಯ. ಅಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಂಬಳದ ಮೇಲಿನ ತೆರಿಗೆ ಹಣದ ಗಂಟನ್ನು ಮುಟ್ಟುತ್ತದೆ. ತಲೆಯ ಮೇಲಿನ ಸುಂಕ ಹಾಗಲ್ಲ, ಸಂಸಾರ ಎಲ್ಲಿ ಬಾಳಬೇಕೆಂಬುದನ್ನೇ ಅದು ನಿರ್ಣಯಿಸುತ್ತದೆ. ಇಂದು ನಾನು ಹೇಳಬೇಕೆಂದು ಬಂದಿರುವ ಮುಖ್ಯ ಮಾತು ಇದೇ.

ಇದು ಹೊಸತೇನಲ್ಲ. ಇತಿಹಾಸದಲ್ಲಿ ಇದಕ್ಕೆ ಉದಾಹರಣೆಗಳಿವೆ. ದಕ್ಷಿಣ ಆಫ್ರಿಕದ ನೇಟಾಲಿಗೆ 1860ರಿಂದ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಒಯ್ದರು. ಕರಾರು ಮುಗಿದ ಮೇಲೆ ಅವರಲ್ಲಿ ಹಲವರು ಅಲ್ಲಿಯೇ ಭೂಮಿ ಹಿಡಿದು ತರಕಾರಿ ಬೆಳೆದು ಸ್ವತಂತ್ರರಾಗಿ ಬಾಳತೊಡಗಿದರು. ಇದು ಅಲ್ಲಿಯ ಬಿಳಿಯರಿಗೆ ಸಹಿಸಲಿಲ್ಲ. ವರ್ಷಕ್ಕೆ 25 ಪೌಂಡು ತಲೆಗಂದಾಯ ಹಾಕಬೇಕೆಂದು ಹೊರಟರು. ಭಾರತದ ವೈಸರಾಯರು ಅದನ್ನು 3 ಪೌಂಡಿಗೆ ಇಳಿಸಿ ಒಪ್ಪಿದರು. 1895ರ ಕಾನೂನು ಅದು. ಮರಳಿ ಕರಾರಿಗೆ ಸೇರಬೇಕು, ಇಲ್ಲವೆ ಊರಿಗೆ ಹೋಗಬೇಕು, ಇಲ್ಲವೆ ಈ ಕಂದಾಯ ತೆರಬೇಕು. ಮುಂದೆ ಪ್ರಾಯಕ್ಕೆ ಬಂದ ಮಕ್ಕಳಿಗೂ ಅದನ್ನು ಹಬ್ಬಿಸಿದರು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಇದರ ಲೆಕ್ಕವನ್ನು ಕೊಟ್ಟಿದ್ದಾರೆ: ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರಕ್ಕೆ ವರ್ಷಕ್ಕೆ 12 ಪೌಂಡು, ಗಂಡಸಿನ ಸರಾಸರಿ ಸಂಪಾದನೆಯೋ ತಿಂಗಳಿಗೆ 14 ಶಿಲಿಂಗನ್ನು ಮೀರದು. ಎಂದರೆ ವರ್ಷವಿಡೀ ಅವನು ದುಡಿದರೂ ಎಂಟೂವರೆ ಪೌಂಡು ಆಗುತ್ತಿರಲಿಲ್ಲ. 1913ರ ನವೆಂಬರಿನಲ್ಲಿ ಗಣಿಗಳ ಕೂಲಿಗಳು ಹೆಂಡಿರು ಮಕ್ಕಳೊಡನೆ ಗಾಂಧೀಜಿಯವರ ಹಿಂದೆ ನಡೆದು, ಅನುಮತಿಯಿಲ್ಲದೆ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿದರು. ಮರುವರ್ಷ, 1914ರಲ್ಲಿ, ಆ ಕಂದಾಯ ರದ್ದಾಯಿತು.

ಕೆನಡ ದೇಶವೂ 1885ರಲ್ಲಿ ಚೀನದಿಂದ ಬರುವವರ ಮೇಲೆ ತಲೆಗೆ 50 ಡಾಲರು ಪ್ರವೇಶ ಸುಂಕ ವಿಧಿಸಿತು. ರೈಲು ದಾರಿಯನ್ನು ಹಾಕುವವರೆಗೆ ಬೇಕಾಗಿದ್ದವರು ಅದು ಮುಗಿದ ಮೇಲೆ ಬೇಡವಾದರು. 1900ರಲ್ಲಿ ಅದು 100 ಡಾಲರಾಯಿತು, 1903ರಲ್ಲಿ 500 ಡಾಲರು. ಒಬ್ಬನ ಸುಂಕವನ್ನೇ ಸಾಲ ಮಾಡಿ ಕಟ್ಟಿದವನು ಹೆಂಡತಿಯನ್ನು ಕರೆಸುವುದೆಂತು? ಸಾವಿರಾರು ಗಂಡಸರು ಅಲ್ಲಿ ಒಂಟಿಯಾಗಿ ಮುದುಕರಾದರು. 2006ರಲ್ಲಿ ಆ ದೇಶದ ಪ್ರಧಾನಿಗಳು ಇದಕ್ಕಾಗಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಆ ಸುಂಕವನ್ನೂ ಇಂದಿನ ಸುಂಕವನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ನೇಟಾಲಿನದೂ ಕೆನಡದ್ದೂ ಒಂದು ಜನಾಂಗವನ್ನು ಗುರಿಯಾಗಿಟ್ಟು ಹೊಡೆದವು. ಸೌದಿಯ ನಿಯಮ ಪರದೇಶದ ನೌಕರರೆಲ್ಲರಿಗೂ ಅನ್ವಯವಾದದ್ದು. ನಾವು ಇಷ್ಟಪಟ್ಟು ಹೋದವರು. ತನ್ನ ಮನೆಯ ಬಾಗಿಲಿಗೆ ನಿಯಮ ಮಾಡುವ ಅಧಿಕಾರ ಆ ದೇಶಕ್ಕಿದೆ. ಅಲ್ಲಿಯ ಅನ್ನದಿಂದಲೇ ನನ್ನ ಮಕ್ಕಳು ಓದಿದರೆಂಬುದನ್ನು ನಾನು ಮರೆತರೆ ಕೃತಘ್ನನಾಗುತ್ತೇನೆ. ಆದರೆ ಸುಂಕದ ಉದ್ದೇಶ ಬೇರೆಯಾದರೂ ಸಂಸಾರದ ಮೇಲೆ ಅದರ ಪರಿಣಾಮ ಒಂದೇ ತೆರನಾದುದು ಎಂಬುದನ್ನು ತೋರಿಸುವುದಕ್ಕಾಗಿ ಈ ಮಾತುಗಳನ್ನು ಹೇಳಿದೆ.

ಎಲ್ಲ ದೇಶಗಳೂ ತಲೆಯನ್ನೇ ಎಣಿಸುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ, ಎಂದರೆ ದುಬೈ, ಅಬುಧಾಬಿ ಮುಂತಾದೆಡೆ, ಸಂಬಳವೇ ಬಾಗಿಲು. ತಿಂಗಳಿಗೆ 4,000 ದಿರ್ಹಮು, ಅಥವಾ ವಸತಿಯೊಡನೆ 3,000 ದಿರ್ಹಮು ಸಂಬಳವಿದ್ದವನು ಹೆಂಡತಿ ಮಕ್ಕಳನ್ನು ಕರೆಸಬಹುದೆಂದು 2019ರಲ್ಲಿ ನಿಯಮ ಮಾಡಿದರು. ಅದಕ್ಕಿಂತ ಕಡಮೆ ಗಳಿಸುವವನಿಗೆ ಆ ಬಾಗಿಲೇ ಇಲ್ಲ. ಕರೆಸಬಹುದಾದವನಿಗೂ ಬಾಡಿಗೆ, ಶಾಲೆಯ ಶುಲ್ಕ, ಆರೋಗ್ಯ ವಿಮೆ ಇವುಗಳ ಲೆಕ್ಕ ಬೇರೆ.

ಇನ್ನು ಯಾವುದನ್ನು ಯಾರು ಕೊಡಬೇಕೆಂಬುದನ್ನು ತಿಳಿದಿರುವುದು ಅತ್ಯವಶ್ಯ. ಸೌದಿಯ ಕಾರ್ಮಿಕ ಕಾನೂನಿನಂತೆ ನೌಕರನ ಇಕಾಮಾ, ಕೆಲಸದ ಪರವಾನಗಿ, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ, ಹೋಗಿ ಬರುವ ಅನುಮತಿ, ಕೆಲಸ ಮುಗಿದ ಮೇಲೆ ಊರಿಗೆ ಮರಳುವ ಟಿಕೆಟು, ಇವೆಲ್ಲ ಯಜಮಾನನ ಹೊಣೆ. ನಾನು ಮೊದಲು ದುಡಿದ ಸಂಸ್ಥೆಯೊಂದರಲ್ಲಿ ಹೋಗಿ ಬರುವ ಅನುಮತಿಯ ಹಣವನ್ನು ಹನ್ನೊಂದು ವರ್ಷ ನಾನೇ ಕಟ್ಟಿದೆ. ಅದು ನನ್ನ ಹೊಣೆಯಲ್ಲವೆಂದು ಅರಿತದ್ದು ಹನ್ನೆರಡನೆಯ ವರ್ಷ. ಲೆಕ್ಕದ ಗುಮಾಸ್ತನ ಗತಿಯೇ ಹೀಗಾದರೆ ಓದು ಬಾರದವನ ಗತಿಯೇನು? ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾನೂನು, ನೇಮಕದ ಖರ್ಚನ್ನು ನೌಕರನಿಂದ ವಸೂಲು ಮಾಡಕೂಡದೆಂದೂ ಅವನ ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಳ್ಳಕೂಡದೆಂದೂ ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಕಡೆಯ ಕಾನೂನನ್ನೂ ತಿಳಿಯಬೇಕು. 1983ರ ವಲಸೆ ಕಾನೂನಿನ ಪ್ರಕಾರ, ಹತ್ತನೆಯ ತರಗತಿ ತೇರ್ಗಡೆಯಾಗದವನು ಕೊಲ್ಲಿಯ ದೇಶಗಳೂ ಸೇರಿ ಗೊತ್ತುಪಡಿಸಿದ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಇದನ್ನು ಒಂದು ಪೀಡೆಯೆಂದು ನಮ್ಮವರು ತಿಳಿದಿದ್ದಾರೆ. ನಿಜವಾಗಿ ಅದು ಒಂದು ಬೇಲಿ. ಆ ದಾರಿಯಲ್ಲಿ ಹೋದವನ ಸಂಬಳದ ಕರಾರು ದಾಖಲಾಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ನೋಂದಾಯಿತ ಏಜೆಂಟನು ತನ್ನ ಸೇವೆಗೆಂದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚನ್ನು ತೆಗೆದುಕೊಳ್ಳುವಂತಿಲ್ಲ.

ಈ ಬೇಲಿಯನ್ನು ಹಾರಿದವನ ಕಥೆಯೊಂದನ್ನು ಹೇಳುತ್ತೇನೆ. ಹೆಸರು ಬೇಡ, ಅವನ ತಾಯಿ ಈ ಸಭೆಯಲ್ಲಿಯೇ ಇರಬಹುದು. ನಮ್ಮ ನೆರೆಯ ಹುಡುಗ, ಒಂಬತ್ತನೆಯ ತರಗತಿಗೆ ಓದು ಬಿಟ್ಟವನು. 2023ರಲ್ಲಿ ಒಬ್ಬ ದಲ್ಲಾಳಿ ಅವನಿಂದ ಒಂದು ಲಕ್ಷಕ್ಕೂ ಮಿಕ್ಕಿ ಹಣ ತೆಗೆದುಕೊಂಡು, ನೋಡಿ ಬರುವವರಿಗೆ ಕೊಡುವ ಎರಡು ತಿಂಗಳ ವೀಸಾದಲ್ಲಿ ದುಬೈಗೆ ಕಳುಹಿಸಿದ. ಅಲ್ಲಿ ತಲುಪಿದ ಮೇಲೆ ಕೆಲಸದ ಪರವಾನಗಿ ಮಾಡಿಸಿಕೊಡುವೆನೆಂಬ ಮಾತು. ತಲುಪಿದ ಮೇಲೆ ದಲ್ಲಾಳಿಯ ಫೋನು ನಿಂತಿತು. ಡಿಸೆಂಬರಿನಲ್ಲಿ ವೀಸಾದ ಅವಧಿ ತೀರಿತು. ಅವಧಿ ಮೀರಿ ಉಳಿದವನಿಗೆ ಅಲ್ಲಿ ದಿನಕ್ಕೆ 50 ದಿರ್ಹಮು ದಂಡ. ಹುಡುಗ ಹೆದರಿ ಅಡಗಿ, ಸಿಕ್ಕ ಕಡೆ ಕೂಲಿ ಮಾಡಿ, ಒಂಬತ್ತು ತಿಂಗಳು ಕಳೆದ. ದಂಡ 13,500 ದಿರ್ಹಮಿಗೆ ಬಂದಿತು. ನಮ್ಮ ಮೂರು ಲಕ್ಷ ರೂಪಾಯಿ. ದಿನದ ಕೂಲಿಗಿಂತ ದಿನದ ದಂಡ ಮುಂದೆ ಓಡುತ್ತಿತ್ತು. ಅವನ ತಾಯಿ ನನ್ನ ಮನೆಗೆ ಬಂದು, "ಅಣ್ಣಾ, ತೋಟದ ಕಾಗದ ತಂದಿದ್ದೇನೆ, ಇದಕ್ಕೆಷ್ಟು ಬರುತ್ತದೆ ನೋಡಿ" ಎಂದು ಸೆರಗಿನಲ್ಲಿ ಮುಚ್ಚಿ ತಂದಿದ್ದ ಪತ್ರವನ್ನು ನನ್ನ ಮುಂದಿಟ್ಟರು.

ಪುಣ್ಯಕ್ಕೆ ಆ ಸರಕಾರವು 2024ರ ಸೆಪ್ಟೆಂಬರ್ 1ರಿಂದ ಕ್ಷಮಾದಾನದ ಅವಧಿಯನ್ನು ಸಾರಿತು. ದಂಡವಿಲ್ಲದೆ, ಮರಳಿ ಬರಬಾರದೆಂಬ ನಿಷೇಧವೂ ಇಲ್ಲದೆ, ಊರಿಗೆ ಹೋಗಬಹುದೆಂದು ತಿಳಿಸಿದರು. ಆ ಪ್ರಕಟಣೆಯನ್ನು ಓದಿ ಹುಡುಗನಿಗೆ ಕನ್ನಡದಲ್ಲಿ ಹೇಳಿದೆವು. ನಂಬಲು ಅವನಿಗೆ ಎರಡು ವಾರ ಬೇಕಾಯಿತು. ಸಿಕ್ಕಿಬೀಳಿಸುವ ಉಪಾಯವೆಂದು ಅವನು ತಿಳಿದಿದ್ದ. ಅಕ್ಟೋಬರಿನಲ್ಲಿ ಊರಿಗೆ ಬಂದ. ತೋಟ ಉಳಿಯಿತು. ಆದರೆ ಕ್ಷಮಾದಾನ ಪ್ರತಿ ವರ್ಷ ಬರುವ ಜಾತ್ರೆಯಲ್ಲ. ಅದನ್ನು ನಂಬಿ ಯಾರೂ ಅವಧಿ ಮೀರಿ ಕೂರಬಾರದು. ನೋಡಿ ಬರುವ ವೀಸಾದಲ್ಲಿ ದುಡಿಯಹೊರಡುವವನು ಮೊದಲ ದಿನದಿಂದಲೇ ದಂಡದ ದಾರಿಯನ್ನು ಹಿಡಿದಿದ್ದಾನೆಂದು ತಿಳಿಯಬೇಕು.

ಊರಿನ ತೆರಿಗೆಯ ಬಗ್ಗೆಯೂ ಎರಡು ಮಾತು. ಪರದೇಶದಲ್ಲಿ ದುಡಿದದ್ದಕ್ಕೆ ಭಾರತದಲ್ಲಿ ತೆರಿಗೆಯುಂಟೆ ಎಂದು ಹಲವರು ಕೇಳುತ್ತಾರೆ. ಅದನ್ನು ನಿರ್ಣಯಿಸುವುದು ದಿನಗಳ ಎಣಿಕೆ. ಏಪ್ರಿಲಿನಿಂದ ಮಾರ್ಚಿಯವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವನು ಇಲ್ಲಿಯ ನಿವಾಸಿ ಎನಿಸಿಕೊಳ್ಳುತ್ತಾನೆ. ಭಾರತದೊಳಗಿನ ಆದಾಯವೇ 15 ಲಕ್ಷ ರೂಪಾಯಿಯನ್ನು ಮೀರಿದವರಿಗೆ 2020ರಿಂದ ಇದಕ್ಕಿಂತ ಬಿಗಿಯಾದ ನಿಯಮಗಳು ಬಂದಿವೆ. ಅನಿವಾಸಿಯು ಅಲ್ಲಿ ಗಳಿಸಿದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಆದರೆ ಊರಿನ ಅಂಗಡಿಯ ಬಾಡಿಗೆ, ಇಲ್ಲಿಯ ಠೇವಣಿಯ ಬಡ್ಡಿ ತೆರಿಗೆಗೆ ಒಳಗಾಗುತ್ತವೆ. ಹೊರಗಿನ ಗಳಿಕೆಯನ್ನಿಡುವ ಅನಿವಾಸಿ ಖಾತೆಯ ಬಡ್ಡಿಗೆ ಅವನು ಹೊರಗಿರುವವರೆಗೆ ವಿನಾಯಿತಿಯಿದೆ. ಹೊರಡುವ ಮೊದಲಿನ ಸಾಮಾನ್ಯ ಖಾತೆಯನ್ನು ಹಾಗೆಯೇ ನಡೆಸುವುದು ನಿಯಮಕ್ಕೆ ವಿರುದ್ಧ. ಬ್ಯಾಂಕಿಗೆ ತಿಳಿಸಿ ಬದಲಿಸಬೇಕು.

ಬಂಧುಗಳೇ, ನಾವು ಗಡಿಯ ಜನ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆಯಿಂದ ಕದಲದೆಯೇ ಬೇರೊಂದು ರಾಜ್ಯದವರಾದರು. ಆ ನೋವು ನಮಗಿದೆ. ಆದರೆ ತಲಪಾಡಿಯನ್ನು ದಾಟಿ ಮಂಗಳೂರಿನಲ್ಲಿ ಮನೆ ಮಾಡಲು ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನ ನಮಗೆ ಕೊಟ್ಟಿದೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ಆ ದಾರಿಗೆ ಮಣ್ಣು ಸುರಿದು ಮುಚ್ಚಿದಾಗ, ಆಸ್ಪತ್ರೆಗೆ ಹೋಗಲಾರದೆ ನಾವು ಪಟ್ಟ ಪಾಡು ನೆನಪಿದೆಯಲ್ಲವೇ? ಹಕ್ಕಿದ್ದವರಿಗೇ ಅಷ್ಟು ಕಷ್ಟವಾಯಿತು. ಹಕ್ಕಿಲ್ಲದೆ ಕೇವಲ ಅಪ್ಪಣೆಯ ಮೇಲೆ ಬಾಳುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ತಾವೇ ಊಹಿಸಬಹುದು.

ಆದುದರಿಂದ ಈ ಸಂಘದ ಮುಂದೆ ನನ್ನದೊಂದು ಸಣ್ಣ ಸೂಚನೆಯಿದೆ. ತಿಂಗಳಿಗೊಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಒಂದು ಮೇಜು ಇಡೋಣ. ಹೊರಡಲಿರುವವರು ತಮ್ಮ ಕರಾರನ್ನೂ ವೀಸಾವನ್ನೂ ಅಲ್ಲಿಗೆ ತರಲಿ. ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಅದನ್ನು ಬಲ್ಲವರು ಓದಿ, ಮನೆಯವರೆಲ್ಲರ ಮುಂದೆ ಕನ್ನಡದಲ್ಲಿ ಹೇಳಲಿ. ದರಗಳೂ ನಿಯಮಗಳೂ ವರ್ಷ ವರ್ಷ ಬದಲಾಗುವುದರಿಂದ, ಹೊರಡುವ ದಿನದ ದರವನ್ನು ಆ ದೇಶದ ಅಧಿಕೃತ ಪ್ರಕಟಣೆಯಿಂದಲೇ ನೋಡಿ ಬರೆದುಕೊಡಲಿ. ಅನಿವಾಸಿಗಳಿಗಾಗಿ ಕೇರಳ ಸರಕಾರವು ನಡೆಸುವ ಕಲ್ಯಾಣ ನಿಧಿಗೆ ನಮ್ಮವರೂ ಸೇರಬಹುದು, ಕನ್ನಡದವರೆಂದು ಹಿಂಜರಿಯಬೇಕಾಗಿಲ್ಲ. 1969ರ ರಾಜ್ಯ ಭಾಷಾ ಕಾನೂನು, ಈ ರಾಜ್ಯದ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಒಪ್ಪಿದೆ. ಬಳಸದ ಹಕ್ಕಿಗೆ ತುಕ್ಕು ಹಿಡಿಯುತ್ತದೆ. ಇಂಥ ಅರ್ಜಿಗಳಿಗೆ ಅದನ್ನು ಬಳಸೋಣ.

ಕೊನೆಯದಾಗಿ, ನನ್ನ ಮಗಳ ಮಾತು. ದಮ್ಮಾಮಿನ ಶಾಲೆಯಲ್ಲಿ ಅವಳಿಗೆ ಕನ್ನಡವಿರಲಿಲ್ಲ. 2018ರಲ್ಲಿ ಊರ ಕನ್ನಡ ಶಾಲೆಯ ಏಳನೆಯ ತರಗತಿಗೆ ಸೇರಿದಾಗ ಅವಳು ಒತ್ತಕ್ಷರ ಬರೆಯಲಾರದೆ ಒಂದನೆಯ ತರಗತಿಯ ತಮ್ಮಂದಿರ ಪಕ್ಕದಲ್ಲಿ ಕುಳಿತು ಕಾಗುಣಿತ ತಿದ್ದಿದಳು. ಈ ವರ್ಷ ಸಂಘದ ಮಕ್ಕಳಿಗೆ ಭಾನುವಾರದ ಕನ್ನಡ ಪಾಠವನ್ನು ಹೇಳುವವರಲ್ಲಿ ಅವಳೂ ಒಬ್ಬಳು. ಸುಂಕದಿಂದ ಒಳ್ಳೆಯದಾಯಿತೆಂದು ಹೇಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಐದು ವರ್ಷ ತಂದೆಯಿಲ್ಲದೆ ಬೆಳೆದ ಮಕ್ಕಳ ನಷ್ಟವನ್ನು ಯಾವ ಲಾಭದ ಕೆಳಗೂ ಬರೆಯಲಾಗದು. ಮರಳಿ ಬಂದವರನ್ನು ಸೇರಿಸಿಕೊಳ್ಳಲು ಊರಿನಲ್ಲಿ ಒಂದು ಕನ್ನಡ ಶಾಲೆಯಿತ್ತು, ಒಂದು ಸಂಘವಿತ್ತು. ಅದಕ್ಕೆ ಸುಂಕವಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯುವುದಕ್ಕಾಗಿ ಹೇಳಿದೆ. ಆ ಬಾಗಿಲು ತೆರೆದೇ ಇರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.